ಜಪ್ತಿಯಾದ ಹಂಡೆ

ಸಿದ್ದಾಪುರದಲ್ಲಿ ಬಳಕೆ ತಪ್ಪಿದ್ದ ಒಂದು ಶಾಲಾ ಕೋಣೆಯನ್ನು ಕರನಿರಾಕರಣೆ ಚಳವಳಿಯ ಪ್ರದರ್ಶನಾಲಯ ಮಾಡಬೇಕೆಂಬುದು ಅಲ್ಲಿನ ಸ್ಮಾರಕ ಸಮಿತಿಯ ಅಧ್ಯಕ್ಷರ ಬಹುದಿನದ ಆಸೆಯಾಗಿತ್ತು. ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹಾಗಾಗಿ ಗೋಡೆಯ ಮೇಲಿನ ಕತೆ ಸಿದ್ದಾಪುರದಿಂದಲ್ಲ, ಅಮೆರಿಕದಿಂದ ಶುರುವಾಗುತ್ತಿತ್ತು. ಬ್ರಿಟಿಷರು ಅಲ್ಲಿನ ವಸಾಹತುಗಳ ಮೇಲೆ ಕಾಗದಕ್ಕೆ ಮುದ್ರೆಯ ತೆರಿಗೆ ಹಾಕಿದರು, ಚಹಾಕ್ಕೆ ತೆರಿಗೆ ಹಾಕಿದರು. ನಮ್ಮನ್ನು ಕೇಳದೆ ನಮ್ಮ ಮೇಲೆ ಕರ ಹಾಕಲು ನೀವು ಯಾರು ಎಂದು ಜನ ಕೇಳಿದರು. ಚಹಾದ ಪೆಟ್ಟಿಗೆಗಳು ಸಮುದ್ರಕ್ಕೆ ಬಿದ್ದವು. ಕೊನೆಗೆ ಕ್ರಾಂತಿಯೇ ಆಯಿತು. ಅದರ ಪಕ್ಕದ ಫಲಕದಲ್ಲಿ ೧೯೩೦ರ ಸುಮಾರಿನ ನಮ್ಮ ಸೀಮೆ. ಅಡಿಕೆಯ ದರ ಬಿತ್ತು, ಬೆಳೆ ಹೋಯಿತು, ಕಂದಾಯ ಮಾತ್ರ ಇಳಿಯಲಿಲ್ಲ. ಜನ ಅರ್ಜಿ ಹಾಕಿದರು, ಅರ್ಜಿ ಫಲಿಸಲಿಲ್ಲ, ಕರ ಕೊಡುವುದಿಲ್ಲ ಎಂದರು. ಆಮೇಲೆ ಜಪ್ತಿ, ಹರಾಜು, ಸೆರೆಮನೆ. ಕೊನೆಯಲ್ಲಿ ಸ್ವಾತಂತ್ರ್ಯ. ಒಂದೊಂದರ ನಡುವೆಯೂ ಕೆಂಪು ಬಣ್ಣದ ಬಾಣದ ಗುರುತು.

ಹಳೆಯ ಲೋಹದ ವಸ್ತುಗಳು ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲ ಶುರುವಾಗುವ ಮುಂಚೆ ಕೋಣೆ ಸಿದ್ಧವಾಗಬೇಕು, ಜಪ್ತಿಯಾದ ಪಾತ್ರೆಗಳು ಕೆಲವಾದರೂ ಸಿಗಬಹುದು, ಬಂದು ನೋಡಿಕೊಡಿ ಎಂದು ಅಧ್ಯಕ್ಷರು ಕರೆದಿದ್ದರು. ನಾನು ಶಿರಸಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಪಾತ್ರೆಗಳು ಸಿಗಲಿಲ್ಲ. ಜಪ್ತಿಗೆ ಒಳಗಾದ ಮನೆಗಳಲ್ಲಿ ಇದ್ದದ್ದು ಕತೆ ಮಾತ್ರ. ಪಾತ್ರೆ ಹೋಗಿದ್ದೇ ಕತೆಯಾದ್ದರಿಂದ ಅದು ಸಹಜವೂ ಆಗಿತ್ತು. ಎಲ್ಲರೂ ನೀರು ಕಾಯಿಸುವ ತಾಮ್ರದ ಹಂಡೆಯನ್ನೇ ನೆನೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಅದೇ ದೊಡ್ಡದು, ಅದಕ್ಕೇ ಬೆಲೆ, ಅಧಿಕಾರಿಗಳು ಮೊದಲು ಕೈ ಹಾಕುತ್ತಿದ್ದದ್ದೂ ಅದಕ್ಕೇ. ಹರಾಜಿಗೆ ಊರಿನವರು ಯಾರೂ ಹೋಗಬಾರದು, ಕೊಂಡವರ ಜೊತೆ ವ್ಯವಹಾರ ಇಟ್ಟುಕೊಳ್ಳಬಾರದು ಎಂದು ಚಳವಳಿಯವರು ಕಟ್ಟು ಮಾಡಿದ್ದರು. ಹಾಗಾಗಿ ಹಂಡೆಗಳು ಸೀಮೆಯ ಆಚೆ ಹೋದವು. ಎಲ್ಲಿ ಹೋದವು ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ಮಾತ್ರ ಯಲ್ಲಾಪುರದಲ್ಲಿ ಸಿಕ್ಕಿತು.

ಸುದ್ದಿ ತಂದವರು ಅಧ್ಯಕ್ಷರ ಪರಿಚಯದ ಒಬ್ಬ ಲಾರಿ ಮಾಲೀಕರು. ಅವರ ಮಾತು ನಂಬಿ ನಾವಿಬ್ಬರೂ ಯಲ್ಲಾಪುರಕ್ಕೆ ಹೋದೆವು. ಪೇಟೆಯ ಹಿಂಭಾಗದ ಕೇರಿಯಲ್ಲಿ, ಸರಕು ಸಾಗಣೆಯ ವಾಹನ ಇಟ್ಟುಕೊಂಡಿದ್ದ ಒಬ್ಬರ ಮನೆ. ಅವರ ತಾಯಿ, ಎಪ್ಪತ್ತು ದಾಟಿದ ಹೆಂಗಸು, ಬಾಗಿಲಿಗೆ ಬಂದು "ಬರ್ರಿ, ಒಳಗ ಕೂಡ್ರಿ" ಎಂದರು. ಚಹಾ ಕುಡಿದು ಮುಗಿಯುವವರೆಗೆ ಹಂಡೆಯ ಮಾತು ಎತ್ತಲಿಲ್ಲ. ಆಮೇಲೆ ಎದ್ದು ಹಿಂದಿನ ಚಪ್ಪರಕ್ಕೆ ಕರೆದುಕೊಂಡು ಹೋದರು. ಗೋಣಿಚೀಲ ಹೊದಿಸಿ, ಇಟ್ಟಿಗೆಯ ಮೇಲೆ ನೆಲಕ್ಕೆ ತಾಗದಂತೆ ಹಂಡೆಯನ್ನು ಇಟ್ಟಿದ್ದರು.

ಅವರು ಹೇಳಿದ್ದು ಇಷ್ಟು. ಅವರ ಅಜ್ಜ, ಅವರ ಮಾತಿನಲ್ಲಿ ದಾದಾ, ಸಿದ್ದಾಪುರದಲ್ಲಿ ಬಾಡಿಗೆ ಬಂಡಿ ಹೊಡೆಯುತ್ತಿದ್ದರು. ಜಪ್ತಿಯ ದಿನಗಳಲ್ಲಿ ಅಧಿಕಾರಿಗಳು ಅವರ ಬಂಡಿಯನ್ನು ಹಿಡಿದರು. ಬರುವುದಿಲ್ಲ ಎಂದರೆ ಎತ್ತನ್ನೂ ಬಂಡಿಯನ್ನೂ ಸೇರಿಸಿ ಒಯ್ಯುತ್ತೇವೆ ಎಂದರು. ದಾದಾ ಹೋದರು. ಹಲವು ಮನೆಯ ಸಾಮಾನು ಹೇರಿಕೊಂಡು ಬಂದರು. ಹರಾಜಿನಲ್ಲಿ ಕೊಳ್ಳುವವರು ಇರಲಿಲ್ಲ. ಬಂಡಿಯ ಕೂಲಿ ಎಂದು ಈ ಹಂಡೆಯನ್ನು ಅವರ ಮುಂದೆ ಉರುಳಿಸಿದರು. ಅದನ್ನು ಮನೆಗೆ ತಂದ ಮೇಲೆ ಸಿದ್ದಾಪುರದಲ್ಲಿ ಯಾರೂ ಅವರನ್ನು ಬಂಡಿಗೆ ಕರೆಯಲಿಲ್ಲ. ಅಂಗಡಿಯವರು ಅಕ್ಕಿ ಕೊಡಲಿಲ್ಲ. ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಯಲ್ಲಾಪುರಕ್ಕೆ ಬಂದರು.

"ವಾಪಸ್ ಕೊಡಬೇಕು ಅಂತ ಅವ್ರಿಗೆ ಇತ್ತೇನು?" ಎಂದು ಅಧ್ಯಕ್ಷರು ಕೇಳಿದರು.

ಆ ತಾಯಿ ಗೋಣಿಚೀಲವನ್ನು ಒಂದು ಬದಿಗೆ ಸರಿಸಿದರು. "ಇತ್ತು ಅಂದ್ರ ಸುಳ್ಳು ಹೇಳಿದಂಗ ಆದೀತು, ಇಲ್ಲ ಅಂದ್ರೂ ಸುಳ್ಳೇ" ಎಂದರು. "ಮದುವಿ ಮುಂಜಿಗೆಲ್ಲ ನಮ್ಮನ್ಯಾಗ ಇದರಾಗ ನೀರು ಕಾಸ್ಯಾರ. ಆದ್ರ ದಾದಾ ಆ ನೀರು ಮೈಗೆ ಹಾಕ್ಕೊಂಡಿದ್ದು ನಾ ನೋಡಿಲ್ರಿ."

ಅವರ ಒಪ್ಪಿಗೆ ಪಡೆದು ಹಂಡೆಯನ್ನು ಸಿದ್ದಾಪುರಕ್ಕೆ ತಂದು ನಾನು ಕೆಲಸ ಶುರು ಮಾಡಿದೆ. ಮೊದಲ ಕೆಲವು ದಿನ ಬರೀ ನೋಡುವುದು. ಹಳೆಯ ತಾಮ್ರದ ಮೇಲೆ ಎರಡು ಬಗೆಯ ಹಸಿರು ಇರುತ್ತದೆ. ಒಂದು ಗಟ್ಟಿಯಾಗಿ ಅಂಟಿಕೊಂಡು ಲೋಹವನ್ನು ಕಾಯುವಂಥದ್ದು, ಅದನ್ನು ಮುಟ್ಟಬಾರದು. ಇನ್ನೊಂದು ಪುಡಿಪುಡಿಯಾಗಿ ಉದುರುವ ತಿಳಿಹಸಿರು. ಅದು ಉಪ್ಪಿನಂಶದಿಂದ ಹುಟ್ಟಿದ್ದು, ಬಿಟ್ಟರೆ ಲೋಹವನ್ನು ತಿನ್ನುತ್ತ ಹೋಗುತ್ತದೆ. ಈ ಎರಡನೆಯದನ್ನು ಬಿದಿರಿನ ಕಡ್ಡಿಯಿಂದ ಸಡಿಲಿಸಿ, ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒತ್ತಿ ತೆಗೆದೆ. ಉಜ್ಜುವಂತಿಲ್ಲ. ತಳದ ಮಸಿಯನ್ನು ಹಾಗೆಯೇ ಬಿಟ್ಟೆ; ಅದು ಎಷ್ಟೋ ಒಲೆಗಳ ಮಸಿ. ಎತ್ತಲು ಅನುಕೂಲವಾಗಲಿ ಎಂದು ಹಂಡೆಯ ಎರಡೂ ಬದಿಗೆ ತಾಮ್ರದ ಕಡಗಗಳಿದ್ದವು. ಅವುಗಳ ಬುಡದ ಮೊಳೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಎರಡೂ ಬದಿಯ ಮೊಳೆಗಳು ಒಂದೇ ಕೈಯವು, ಹಂಡೆ ಮಾಡಿದ ದಿನವೇ ಬಡಿದವು. ನಂತರದ ರಿಪೇರಿ ಎಲ್ಲೂ ಇರಲಿಲ್ಲ. ಇದನ್ನೆಲ್ಲ ರೂಢಿಯಂತೆ ಬರೆದಿಟ್ಟೆ.

ಬಾಯಂಚಿನಲ್ಲಿ ಒಂದು ಕಡೆ ಅರ ಹಾಕಿ ಸವೆಸಿದ ಜಾಗವಿತ್ತು. ಮನೆಯ ಹೆಸರು ಕೊರೆಸಿದ ಜಾಗ ಅದು. ಹರಾಜಿಗೆ ಮುಂಚೆಯೇ ಯಾರೋ ಹೆಸರನ್ನು ತೆಗೆಸಿರಬೇಕು. ಕೋಣೆಯ ಕಿಟಕಿ ಮುಚ್ಚಿ, ಬ್ಯಾಟರಿಯನ್ನು ಅಂಚಿಗೆ ಸಮನಾಗಿ ಹಿಡಿದು ಓರೆಬೆಳಕು ಹಾಯಿಸಿದಾಗ ಒಂದು ಅಕ್ಷರದ ಅರ್ಧ ವಕ್ರರೇಖೆ ಕಂಡಿತು. ಕಂಡಿತು ಎನ್ನುವುದಕ್ಕಿಂತ, ನೆರಳು ಸ್ವಲ್ಪ ಬಾಗಿತು. ಚಿತ್ರ ತೆಗೆದುಕೊಂಡೆ.

ಅಧ್ಯಕ್ಷರು ಆ ಚಿತ್ರವನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಅದು 'ಹೆ' ಎಂದರು. ಹೆ ಎಂದರೆ ಹೆಗ್ಗರಣೆ. ಹೆಗ್ಗರಣೆಯ ಕಡೆಯ ಒಂದು ಮನೆತನ ತೋಟ, ಮನೆ, ಪಾತ್ರೆ ಎಲ್ಲವನ್ನೂ ಕಳೆದುಕೊಂಡಿತ್ತು. ಆ ಮನೆಯಲ್ಲಿ ಹುಟ್ಟಿದ ಅಜ್ಜಿಯೊಬ್ಬರು ಇನ್ನೂ ಇದ್ದಾರೆ, ನೂರರ ಹತ್ತಿರದ ಪ್ರಾಯ, ಶಿರಸಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮೊಮ್ಮಗನ ಮನೆಯಲ್ಲಿ. ಅವರ ಮನೆಯ ಹಂಡೆಯ ಕತೆಯನ್ನು ಅಧ್ಯಕ್ಷರು ತಮ್ಮ ಪಾಠಗಳಲ್ಲಿ ಎಷ್ಟೋ ಸಲ ಹೇಳಿದ್ದರು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಬಂಡಿಯವರ ಮೊಮ್ಮಗಳು ಹಂಡೆಯನ್ನು ಅಜ್ಜಿಗೆ ಒಪ್ಪಿಸಬೇಕು, ಅಜ್ಜಿ ಅದನ್ನು ಪ್ರದರ್ಶನಾಲಯಕ್ಕೆ ಕೊಡಬೇಕು. ಅವರ ಕಣ್ಣಲ್ಲಿ ನೀರಿತ್ತು. ನಾನು ಅದು 'ಹೆ' ಆಗಬಹುದು, 'ಮ' ಆಗಬಹುದು, 'ವ' ಕೂಡ ಆಗಬಹುದು ಎಂದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಾರವೇ ಯಲ್ಲಾಪುರಕ್ಕೂ ಶಿರಸಿಗೂ ಫೋನ್ ಮಾಡಿ ಹೇಳಿದರು.

ಮರುವಾರ ದಾಸನಕೊಪ್ಪದಲ್ಲಿ ಒಂದು ಹಳೆಯ ಬೀಗ ಇದೆ ಎಂದು ತಿಳಿದು ಅದನ್ನು ನೋಡಲು ಹೋಗಿದ್ದೆ. ಬೀಗ ಆ ಕಾಲದ್ದಲ್ಲ. ಬರಿಗೈಯಲ್ಲಿ ವಾಪಸು ಬಂದು ಮರುದಿನ ಕೋಣೆಯ ಬಾಗಿಲು ತೆಗೆದರೆ, ಹಂಡೆಯ ಅರ್ಧಭಾಗ ಹೊಸ ತಾಮ್ರದಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಬಕೆಟ್ಟು, ತೆಂಗಿನ ನಾರು, ಹುಣಸೆಹಣ್ಣಿನ ಗಷ್ಟು. ಅಧ್ಯಕ್ಷರು ಲುಂಗಿ ಎತ್ತಿ ಕಟ್ಟಿಕೊಂಡು ಇನ್ನರ್ಧ ಉಜ್ಜಲು ತಯಾರಾಗಿದ್ದರು. ಆಮಂತ್ರಣ ಪತ್ರಿಕೆಗೆ ಫೋಟೋ ಬೇಕಿತ್ತಂತೆ. ಮಸುಕಾಗಿ ಕಾಣುತ್ತದೆ ಎಂದು ಹೆಂಡತಿಯನ್ನು ಕೇಳಿ ಹುಣಸೆ ನೆನೆಸಿಕೊಂಡು ತಂದಿದ್ದರು. ಅವರ ಬೆರಳುಗಳು ಸುಕ್ಕಾಗಿದ್ದವು.

ನಾನು ಬ್ಯಾಟರಿ ಹಚ್ಚಿ ಅಂಚನ್ನು ನೋಡಿದೆ. ವಕ್ರರೇಖೆ ಹೋಗಿತ್ತು. ಸವೆಸಿದ ಜಾಗ ಕನ್ನಡಿಯಂತೆ ನುಣ್ಣಗಾಗಿತ್ತು. ಅವರಿಗೆ ವಿಷಯ ಹೇಳಿದಾಗ ಬಕೆಟ್ಟಿನ ಪಕ್ಕ ನೆಲದ ಮೇಲೆಯೇ ಕುಳಿತುಬಿಟ್ಟರು. ಆಮೇಲೆ, ಚಿತ್ರ ಇದೆಯಲ್ಲ ಎಂದರು. ಚಿತ್ರದಲ್ಲಿ ಇರುವುದು ಒಂದು ನೆರಳು, ಅದನ್ನು ಯಾರು ಹೇಗೆ ಬೇಕಾದರೂ ಓದಬಹುದು ಎಂದೆ.

ಹುಣಸೆಯ ಹುಳಿ ಉಳಿದರೆ ತಾಮ್ರ ಮತ್ತೆ ಕೆಡುತ್ತದೆ. ನೀರನ್ನು ಬದಲಿಸಿ ಬದಲಿಸಿ ತೊಳೆದು, ಒಣಗಿಸಿ, ತೆಳುವಾಗಿ ಮೇಣ ಹಚ್ಚಿದೆ. ಅರ್ಧ ಹೊಳಪು ಅರ್ಧ ಮಸುಕು ಹಾಗೆಯೇ ಉಳಿಯಿತು. ಆ ಕೆಲಸ ಮಾಡುತ್ತಿರುವಾಗಲೇ ನನಗೆ ಒಂದು ವಿಷಯ ಖಚಿತವಾಯಿತು. ಇನ್ನು ಈ ಹಂಡೆ ಯಾರದು ಎಂದು ಹೇಳಬಲ್ಲವರು ಆ ಅಜ್ಜಿ ಒಬ್ಬರೇ. ವೇದಿಕೆಯ ಮೇಲೆ, ಮೈಕಿನ ಮುಂದೆ, ಮುಖ್ಯ ಅತಿಥಿಗಳ ಪಕ್ಕದಲ್ಲಿ ಕೂರಿಸಿ ಕೇಳಿದರೆ ಯಾರಾದರೂ ಹೂಂ ಎನ್ನುತ್ತಾರೆ. ಅದಕ್ಕೂ ಮೊದಲು ಅವರ ಮನೆಗೇ ಒಯ್ದು ತೋರಿಸಬೇಕು. ಅಧ್ಯಕ್ಷರು ಬೇಡವೆಂದರು. ಪ್ರದರ್ಶನದ ವಸ್ತುವನ್ನು ಸಮಿತಿಯ ಒಪ್ಪಿಗೆಯಿಲ್ಲದೆ ಹೊರಗೆ ಒಯ್ಯುವಂತಿಲ್ಲ ಎಂದೂ ಹೇಳಿದರು. ಹಂಡೆ ಇನ್ನೂ ಸಮಿತಿಯದ್ದಾಗಿರಲಿಲ್ಲ. ನಾನು ಯಲ್ಲಾಪುರಕ್ಕೆ ಫೋನ್ ಮಾಡಿದೆ. ಆ ಹೆಂಗಸು ಪೂರ್ತಿ ಕೇಳಿಸಿಕೊಂಡು, ಮಗನ ವಾಹನದಲ್ಲಿ ತಾವೇ ಬರುತ್ತೇನೆ ಎಂದರು.

ಅವರು ಮಗನ ಜೊತೆ ಸಿದ್ದಾಪುರಕ್ಕೆ ಬಂದಾಗ ಬೆಳಗಿನ ಬಿಸಿಲು ಏರಿತ್ತು. ಹಂಡೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ವಾಹನಕ್ಕೆ ಏರಿಸಿದೆವು. ಅಧ್ಯಕ್ಷರು ಬಾಗಿಲಲ್ಲಿ ನಿಂತು ನೋಡಿದರು, ತಡೆಯಲಿಲ್ಲ. ಶಿರಸಿಯ ದಾರಿಯುದ್ದಕ್ಕೂ ಆ ತಾಯಿ ಮಾತಾಡಿದ್ದು ಕಡಿಮೆ. ಈ ರಸ್ತೆಗೆ ಬಾಡಿಗೆ ಒಪ್ಪಬೇಡ ಎಂದು ದಾದಾ ಇವರ ತಂದೆಗೆ ಹೇಳಿದ್ದರೆಂದೂ, ಆದ್ದರಿಂದ ತಾವು ಸಿದ್ದಾಪುರ ನೋಡಿದ್ದು ಇದೇ ಮೊದಲೆಂದೂ ಹೇಳಿದರು. ಹೊಸ ಸೀರೆ ಉಟ್ಟಿದ್ದರು. ಒಂದು ಸಲ ನನ್ನ ಕಡೆ ತಿರುಗಿ, ಆ ಅಜ್ಜಿ ಬೈದರೆ ಬೈಯಲಿ, ನೀವು ನಡುವೆ ಬರಬೇಡಿ ಎಂದರು.

ಅಜ್ಜಿ ಇದ್ದದ್ದು ಶಿರಸಿಯ ಹೊಸ ಬಡಾವಣೆಯ ತಾರಸಿ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಟಿವಿಯ ಎದುರು ಮಂಚ, ಮಂಚದ ಮೇಲೆ ಪುಟ್ಟ ದೇಹ. ಕಣ್ಣು ಪೂರ್ತಿ ಹೋಗಿತ್ತು, ಕಿವಿ ಚುರುಕಾಗಿತ್ತು. ಮೊಮ್ಮಗ ರಜೆ ಹಾಕಿ ಮನೆಯಲ್ಲಿದ್ದ. ನಮ್ಮನ್ನು ಕೂರಿಸಿ, ಹಂಡೆಯ ಸುತ್ತ ಒಂದು ಸುತ್ತು ಬಂದ. ಚಿಕ್ಕಂದಿನಿಂದ ಕೇಳಿದ ಹಂಡೆ. "ಅಮ್ಮಮ್ಮ, ನಮ್ಮನೆ ಹಂಡೆ ಬೈಂದು" ಎಂದು ಹಂಡೆ ಬಂದ ಸುದ್ದಿಯನ್ನು ಅಜ್ಜಿಯ ಕಿವಿಯ ಹತ್ತಿರ ಹೇಳಿದ.

ಅಜ್ಜಿ ಎದ್ದು ಕೂತರು. ಹಂಡೆಯನ್ನು ಮಂಚಕ್ಕೆ ತಾಗಿಸಿ ಇಟ್ಟೆವು. ಅವರು ಮೊದಲು ಎರಡೂ ಅಂಗೈಯನ್ನು ಹಂಡೆಯ ಹೊಟ್ಟೆಯ ಮೇಲೆ ಇಟ್ಟರು. ಆಮೇಲೆ ಬಾಯಂಚಿನ ಸುತ್ತ ಬೆರಳಾಡಿಸಿದರು. ಒಂದು ಕಡಗ ಹಿಡಿದರು, ಬಿಟ್ಟರು, ಇನ್ನೊಂದು ಹಿಡಿದರು. ಅದರ ಬುಡದ ಮೊಳೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದರು. ಮತ್ತೆ ಮೊದಲನೆಯದಕ್ಕೆ ಹೋದರು.

"ಇದು ಯಮ್ಮನೆ ಹಂಡೆ ಅಲ್ಲ" ಎಂದರು.

ಮೊಮ್ಮಗ, ಸರಿಯಾಗಿ ನೋಡು ಅಮ್ಮಮ್ಮ, ಅಂಚಿನಲ್ಲಿ ಹೆಸರಿತ್ತಂತೆ ಎಂದ.

"ಕಣ್ಣು ಕಾಣ್ತಿಲ್ಲೆ ಮಾರಾಯ, ಕೈಗೆ ಗೊತ್ತಾಗ್ತು. ಯಮ್ಮನೆ ಹಂಡೆಗೆ ಒಂದು ಕಡಗ ತಾಮ್ರದ್ದು, ಒಂದು ಹಿತ್ತಾಳೆದು. ಮುರ್ದು ಹೋಗಿತ್ತು ಹೇಳಿ ಅಪ್ಪಯ್ಯ ಬೇರೆ ಹಾಕ್ಸಿದ್ದ. ಆನು ಚಳಿಗೆ ಅದನ್ನೇ ಹಿಡ್ಕಂಡು ನಿಲ್ತಿದ್ದಿ. ಇದು ಬೇರೆ ಯಾರದ್ದೋ."

ನಾನೇ ನೋಡಿ ಬರೆದಿಟ್ಟ ಮಾತು ನನಗೆ ನೆನಪಾಯಿತು. ಕಡಗಗಳು ಎರಡೂ ಮೂಲದವು, ಬದಲಿಸಿದ ಗುರುತಿಲ್ಲ. ಅಜ್ಜಿ ತಪ್ಪಿರಲಿಲ್ಲ. ಅದನ್ನು ಮೊಮ್ಮಗನಿಗೆ ಹೇಳಿದೆ. ಅವನು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಯಲ್ಲಾಪುರದ ತಾಯಿ ಅಲ್ಲಿಯವರೆಗೆ ತಾವು ಯಾರೆಂದು ಹೇಳಿರಲಿಲ್ಲ. ಈಗ ಅಜ್ಜಿಯ ಮಂಚದ ಹತ್ತಿರ ಹೋಗಿ, ತಮ್ಮ ಅಜ್ಜ ಬಂಡಿ ಹೊಡೆದವರೆಂದು ಹೇಳಿದರು. ಅಜ್ಜಿ ಅವರ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಹೆಗ್ಗರಣೆಗೆ ಬಂದ ಬಂಡಿ ಇವರ ಅಜ್ಜನದ್ದೇ ಆಗಿತ್ತೋ, ಬೇರೆಯವರದ್ದೋ, ಅದನ್ನು ಹೇಳುವವರು ಯಾರೂ ಇರಲಿಲ್ಲ. ಅಜ್ಜಿಗೆ ಅದು ಮುಖ್ಯವಾಗಲಿಲ್ಲ.

"ಆನು ಬಂಡಿ ಹಿಂದೇ ಓಡಿದ್ದಿ" ಎಂದು ಅಜ್ಜಿ ತಾವು ಚಿಕ್ಕಂದಿನಲ್ಲಿ ಓಡಿದ್ದನ್ನು ನೆನೆದರು. "ಬಂಡಿಯವ ಒಂದು ಸಲವೂ ತಿರುಗಿ ನೋಡಿದ್ನಿಲ್ಲೆ."

"ತಿರುಗಿ ನೋಡಾಕ ಮುಖ ಬೇಕಲ್ರಿ ಅಮ್ಮಾ" ಎಂದು ಇವರು ಮೆಲ್ಲಗೆ ಹೇಳಿದರು.

ಆಮೇಲೆ ಅಜ್ಜಿ, ಯಾರೂ ಕೇಳದೆಯೇ, ಮುಂದಿನದನ್ನು ಹೇಳಿದರು. ಮೊಮ್ಮಗನೂ ಅದನ್ನು ಮೊದಲು ಕೇಳಿರಲಿಲ್ಲ. ಮನೆಗೆ ಬೀಗ ಬಿದ್ದ ಮೇಲೆ ಅವರು ಗಡಿ ದಾಟಿ ಅರಸರ ಆಳ್ವಿಕೆಯ ಮೈಸೂರು ಸೀಮೆಯಲ್ಲಿ ಪರಿಚಯದವರ ಕಣದ ಪಕ್ಕ ಗುಡಿಸಲು ಹಾಕಿಕೊಂಡರು. ತಂದೆ ಸೆರೆಮನೆಯಲ್ಲಿದ್ದರು. ತಾಯಿ ತುಂಬಿದ ಬಸುರಿ. ಗುಡಿಸಲಲ್ಲೇ ಹೆರಿಗೆಯಾಯಿತು. "ಬಾಣಂತಿಗೆ ನೀರು ಕಾಯ್ಸಲೆ ಒಂದು ಪಾತ್ರ ಇತ್ತಿಲ್ಲೆ" ಎಂದರು ಅಜ್ಜಿ. ಅಕ್ಕಪಕ್ಕದವರು ಮಡಕೆಯಲ್ಲಿ ಕಾಯಿಸಿ ತರುತ್ತಿದ್ದರಂತೆ, ಬರುವಷ್ಟರಲ್ಲಿ ಆರುತ್ತಿತ್ತಂತೆ. ತಾಯಿಗೆ ಜ್ವರ ಬಂತು, ಇಳಿಯಲಿಲ್ಲ. ಮಗುವೂ ಉಳಿಯಲಿಲ್ಲ. ತಂದೆ ಬಿಡುಗಡೆಯಾಗಿ ಬಂದಾಗ ಜನ ಹಾರ ಹಾಕಿ ಮೆರವಣಿಗೆ ಮಾಡಿದರು. ತೋಟ ಎಷ್ಟೋ ವರ್ಷದ ಮೇಲೆ ವಾಪಸು ಬಂತು. "ಹಂಡೆ ಹೋತು ಹೇಳಿ ಎಲ್ಲರಿಗೂ ಹೇಳ್ತಿದ್ದಿ. ಆಯಿ ವಿಷಯ ಹೇಳಲೆ ಬಾಯಿ ಬತ್ತಿತ್ತಿಲ್ಲೆ" ಎಂದು ತಾಯಿಯ ಮಾತು ಮುಗಿಸಿದರು.

ಆಗ ಯಲ್ಲಾಪುರದ ತಾಯಿ ಅಜ್ಜಿಯ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಇಬ್ಬರೂ ಅಳಲಿಲ್ಲ. ಟಿವಿಯಲ್ಲಿ ಯಾವುದೋ ಅಡುಗೆ ಕಾರ್ಯಕ್ರಮ ಸದ್ದಿಲ್ಲದೆ ನಡೆದಿತ್ತು. ಹೊರಡುವಾಗ ಅಜ್ಜಿ ಮೊಮ್ಮಗನಿಗೆ, ಬಂದವರಿಗೆ ಆಸರಿಗೆ, ಕುಡಿಯಲು ಏನಾದರೂ, ಕೊಟ್ಟೆಯಾ ಎಂದು ಕೇಳಿದರು. ನಾವು ಮತ್ತೆ ಕೂತು ಮಜ್ಜಿಗೆ ಕುಡಿದೆವು.

ವಾಹನ ಹತ್ತಿದ ಮೇಲೆ ಆ ತಾಯಿ ಕಂಬಳಿಯ ಗಂಟನ್ನೇ ನೋಡುತ್ತ ಕೂತಿದ್ದರು. ಮನೆಗೇ ಒಯ್ಯೋಣವೇ ಎಂದು ಮಗ ಕೇಳಿದ. ಅವರು ನನ್ನನ್ನು ನೋಡಿದರು.

"ಇವರದಲ್ಲಂದ್ರ ಇನ್ನು ಯಾರ ಅಂಗಳಕ್ಕ ಹೊತ್ಕೊಂಡು ಹೋಗ್ಲಿ, ನೀವ ಹೇಳ್ರಿ."

ಸಿದ್ದಾಪುರಕ್ಕೇ ಹೋಗೋಣ ಎಂದೆ.

ಅಜ್ಜಿಯ ಮೊಮ್ಮಗ ಫೋನ್ ಮಾಡಿದ್ದರಿಂದ ಅಧ್ಯಕ್ಷರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿ ಆಗಿತ್ತು, ಅದರಲ್ಲಿ ಹಂಡೆ ಮರಳಿ ಕೊಡುವ ಕಾರ್ಯಕ್ರಮವಿತ್ತು. ಅಜ್ಜಿಗೆ ವಯಸ್ಸಾಗಿದೆ, ಮರೆವು ಇರಬಹುದು ಎಂದರು. ನಾನು ಕಡಗದ ಮೊಳೆಗಳನ್ನು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಾಗಿ ನೋಡಿದರು. ಆಮೇಲೆ ಬೇರೆ ಮಾತು ಹಿಡಿದರು. ಹಂಡೆ ಯಾವ ಮನೆಯದ್ದಾದರೇನು, ಜಪ್ತಿಯಾಗಿದ್ದು ನಿಜ, ಒಂದು ಮನೆಯ ಹೆಸರು ಹೇಳಿದರೆ ಜನರಿಗೆ ಎದೆಗೆ ತಾಗುತ್ತದೆ, ಹೆಸರಿಲ್ಲದ ದುಃಖ ಯಾರಿಗೂ ತಾಗುವುದಿಲ್ಲ ಎಂದರು. ಆ ಮಾತಿನಲ್ಲಿ ಸತ್ಯವಿತ್ತು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಅವರು ಅದನ್ನು ಕಲಿತಿದ್ದರು. ಆದರೆ ಹೆಗ್ಗರಣೆಯ ಹೆಸರು ಹಾಕಿದರೆ ಬೇರೆ ಯಾವುದೋ ಮನೆಯ ಹಂಡೆ ಎರಡನೆಯ ಸಲ ಹೋದಂತಾಗುತ್ತದೆ, ಹಂಡೆಯ ಪಕ್ಕ ಇಡುವ ಆ ವಿವರದ ಚೀಟಿಯನ್ನು ನಾನು ಬರೆಯಲಾರೆ ಎಂದೆ. ಬೇಕಾದರೆ ಬೇರೆಯವರಿಂದ ಬರೆಸಿ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದೂ ಹೇಳಿದೆ.

ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಂದು, ಅಜ್ಜಿಯ ತಾಯಿಯ ವಿಷಯ ನಿಜವೇ ಎಂದು ಕೇಳಿದರು. ಹೌದೆಂದೆ. ತಾವು ಆ ಅಜ್ಜಿಯ ಹತ್ತಿರ ಹಲವು ಸಲ ಮಾತಾಡಿದ್ದಾಗಿಯೂ, ಪ್ರತಿ ಸಲವೂ ಹಂಡೆಯ ವಿಷಯವನ್ನೇ ಕೇಳಿದ್ದಾಗಿಯೂ ಹೇಳಿದರು. ವೇದಿಕೆಯ ಕಾರ್ಯಕ್ರಮ ರದ್ದಾಯಿತು. ಆಮಂತ್ರಣದಲ್ಲಿದ್ದದ್ದು ಯಾಕೆ ನಡೆಯಲಿಲ್ಲ ಎಂದು ಕೇಳಿದವರಿಗೆಲ್ಲ ಅವರೇ ಉತ್ತರ ಕೊಡಬೇಕಾಯಿತು.

ಹಂಡೆಯ ಪಕ್ಕದ ಚೀಟಿಯನ್ನು ಇಬ್ಬರೂ ಕೂತು ಬರೆದೆವು. ಕರ ಕೊಡದ ಒಂದು ಮನೆಯಿಂದ ಜಪ್ತಿಯಾದ ಹಂಡೆ. ಯಾವ ಮನೆ ಎಂದು ತಿಳಿದಿಲ್ಲ. ಒತ್ತಾಯಕ್ಕೆ ಬಂಡಿ ಹೊಡೆದವರಿಗೆ ಕೂಲಿಯಾಗಿ ಸಿಕ್ಕಿ, ಅವರ ಮನೆಯಲ್ಲಿ ಉಳಿದು ಬಂದದ್ದು. ಬಂಡಿಯವರ ಮನೆತನದ ಹೆಸರು ಹಾಕಬೇಕೇ ಎಂದು ಯಲ್ಲಾಪುರದ ತಾಯಿಯನ್ನು ಕೇಳಿದೆ. ಬೇಡ ಎಂದರು.

ಅಜ್ಜಿ ಉದ್ಘಾಟನೆಗೆ ಇರಲಿಲ್ಲ. ಅದಕ್ಕೆ ಕೆಲವು ದಿನ ಮುಂಚೆ ನಿದ್ದೆಯಲ್ಲೇ ತೀರಿಕೊಂಡಿದ್ದರು. ಸೂತಕವಿದ್ದುದರಿಂದ ಅವರ ಮನೆಯವರೂ ಬರಲಿಲ್ಲ.

ಯಲ್ಲಾಪುರದ ತಾಯಿ ಬಂದಿದ್ದರು. ಭಾಷಣಗಳು ಮುಗಿದು ಜನ ಕೋಣೆಯೊಳಗೆ ಬರತೊಡಗಿದ ಮೇಲೆ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಜನ ಸಾಲಾಗಿ ಬಂದರು. ಫಲಕಗಳನ್ನು ಬೇಗ ಬೇಗ ದಾಟಿ ಹಂಡೆಯ ಹತ್ತಿರ ನಿಲ್ಲುತ್ತಿದ್ದರು. ಅರ್ಧ ಮಾತ್ರ ಯಾಕೆ ತೊಳೆದಿದ್ದೀರಿ ಎಂದು ಕೆಲವರು ಕೇಳಿದರು. ವಯಸ್ಸಾದವರು ಚೀಟಿ ಓದಿ, ಅಂಚಿಗೆ ಬಾಗಿ, ಸವೆಸಿದ ಜಾಗದ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ತಮ್ಮ ಅಜ್ಜನ ಮನೆಯದ್ದೂ ಹೀಗೇ ಹೋಗಿತ್ತಂತೆ ಎನ್ನುತ್ತಿದ್ದರು. ಇದು ನಮ್ಮದು ಎಂದು ಯಾರೂ ಹೇಳಲಿಲ್ಲ. ಮುಟ್ಟಬಾರದೆಂದು ನಾನು ಯಾರಿಗೂ ಹೇಳಲಿಲ್ಲ.

ಸಂಜೆಗೆ ಕೋಣೆ ಖಾಲಿಯಾಯಿತು. ನಾನು ಅವರ ಪಕ್ಕ ಕೂತು, ಹಂಡೆಯನ್ನು ವಾಪಸು ಒಯ್ಯುವ ಮನಸ್ಸಿದ್ದರೆ ಈಗಲೂ ಹೇಳಬಹುದು ಎಂದೆ.

"ಇಲ್ಲೇ ಇರ್ಲಿ" ಎಂದರು. "ನಮ್ಮನ್ಯಾಗಿದ್ರ ಅದು ಕೂಲಿ. ಇಲ್ಲಿದ್ರ ಯಾರದೋ ಹಂಡೆ."

ಮಗ ಹೊರಗಿನಿಂದ ಎರಡು ಸಲ ಹಾರ್ನ್ ಮಾಡಿದ. ಅಧ್ಯಕ್ಷರು ಬೀಗ ಹಿಡಿದು ಬಾಗಿಲಿಗೆ ಬಂದರು. ಆ ತಾಯಿ ಏಳಲಿಲ್ಲ. ರಸ್ತೆಯ ಕಡೆ ನೋಡುತ್ತ, "ಸ್ವಲ್ಪ ತಡೀರಿ, ಇನ್ನೂ ಯಾರಾರ ಬಂದಾರು" ಎಂದರು. ಅಧ್ಯಕ್ಷರು ಬೀಗವನ್ನು ಜೇಬಿಗೆ ಹಾಕಿಕೊಂಡು ನಮ್ಮ ಜೊತೆ ಬೆಂಚಿನಲ್ಲಿ ಕೂತರು.